ಯಂತ್ರದ ಮೇಲಿನ ಹಸಿರು ಪ್ಯಾಕೆಟ್

ತೂ ಶಿಯುಮಾನ್‌ಗೆ ಮೂಗಿನ ತುದಿಯಲ್ಲೇ ಕೋಪ ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಸುಳ್ಳಲ್ಲ. ಆದರೆ ಆ ಕೋಪವನ್ನು ಅಲ್ಲಿಗೆ ತಂದು ಕೂರಿಸಿದವರು ಯಾರು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಚ್ಯಾಯಿ ಊರಿನ ಅಂಚಿನಲ್ಲಿರುವ ಆ ತಾಂತ್ರಿಕ ಕಾಲೇಜಿನ ದೊಡ್ಡ ಸಭಾಂಗಣದ ಹಿಂಬದಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿದರೆ ಸಿಗುವ ಗಾಜಿನ ಕೋಣೆ ಅವಳದು. ಪರದೆ, ಮೈಕು, ದೀಪ, ವೈಫೈ ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಆ ಗಾಜಿನ ಹಿಂದೆ ಒಬ್ಬ ಹೆಂಗಸು ಕೂತಿದ್ದಾಳೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಮೈಕು ಒಂದೇ ಒಂದು ಸಲ ಕುಂಯ್ ಎಂದರೆ ಸಾಕು, ಸಭಾಂಗಣದ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿ ಅವಳನ್ನೇ ದುರುಗುಟ್ಟಿ ನೋಡುತ್ತವೆ. ವರ್ಷಗಟ್ಟಲೆ ಹೀಗೆ ನೋಡಿಸಿಕೊಂಡವರಿಗೆ ಕೋಪ ಬರದೆ ಇನ್ನೇನು ಬರಬೇಕು?

ಕೆಲಸ ಕಲಿತದ್ದು ಅವಳು ಕಾಲೇಜಿನಲ್ಲಲ್ಲ, ಅಪ್ಪನ ಅಂಗಡಿಯಲ್ಲಿ. ಅಪ್ಪ ಕರೋಕೆ ಯಂತ್ರಗಳ ರಿಪೇರಿಯವನು. ಊರಿನ ಮದುವೆ, ದೇವಸ್ಥಾನದ ಊಟ, ಸಾವಿನ ಮನೆ, ಎಲ್ಲ ಕಡೆಗೂ ಡಬ್ಬ ಹೊತ್ತುಕೊಂಡು ಹೋಗುತ್ತಿದ್ದ ಅವನ ಹಿಂದೆ ತಂತಿಯ ಸುರುಳಿ ಹಿಡಿದು ಓಡಾಡಿ ಬೆಳೆದವಳು ಅವಳು. ಅಪ್ಪ ಬೇಗ ತೀರಿಕೊಂಡ. ಆಮೇಲೆ ಮನೆ ನಡೆಸಿದ್ದು ಅಮ್ಮ ಆಗಿಮ್, ಪೂರ್ವ ಮಾರುಕಟ್ಟೆಯ ಮೂಲೆಯಲ್ಲಿ ಟರ್ಕಿ ಕೋಳಿಯ ಅನ್ನ ಮಾರಿ. ಶಿಯುಮಾನ್‌ಳ ಗಂಡ ಕಾರ್ಖಾನೆಯ ಮೇಲ್ವಿಚಾರಕನಾಗಿ ಸಮುದ್ರದಾಚೆಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡ. ಅವತ್ತು ಅವಳು ಅಳಲಿಲ್ಲ. ಅವನ ಸ್ಕೂಟರನ್ನು ಎಳೆದುಕೊಂಡು ಹೋಗಿ ಗುಜರಿಯವನ ಬಾಗಿಲಲ್ಲಿ ನಿಲ್ಲಿಸಿ ಬಂದಳು. ಆಗಿನಿಂದ ತಾಯಿ ಮಗಳು ಇಬ್ಬರೇ. ಈಗ ಅಮ್ಮನ ಮಂಡಿ ಸೋತು ಅಂಗಡಿ ಮುಚ್ಚಿದೆ, ಸಕ್ಕರೆ ಕಾಯಿಲೆಯೂ ಅಂಟಿಕೊಂಡಿದೆ.

ಪ್ರತಿ ಡಿಸೆಂಬರಿನಲ್ಲಿ ವಿನ್ಯಾಸ ವಿಭಾಗದ ವಿದ್ಯಾರ್ಥಿಗಳ ವಿಚಾರ ಸಂಕಿರಣ ನಡೆಯುತ್ತದೆ. ಫೋನಿನಲ್ಲೋ ಟಿಕೆಟ್ಟಿನ ಯಂತ್ರದಲ್ಲೋ ನಾವು ಬೆರಳಿಡುವ ಪರದೆ ಹೇಗಿರಬೇಕು ಎಂದು ಮಕ್ಕಳು ಯೋಚಿಸಿ, ನಿಜವಾದದ್ದನ್ನು ಕಟ್ಟುವ ಮೊದಲು ಒಂದು ಮಾದರಿ ಮಾಡಿಕೊಂಡು ಬರುತ್ತಾರೆ. ಕೆಲವರದು ಬರೀ ಕಾಗದದ ಚೂರುಗಳು, ಕೆಲವರದು ಟ್ಯಾಬ್ಲೆಟ್ಟಿನಲ್ಲಿ. ಒತ್ತಿದರೆ ಮುಂದಿನ ಪುಟ ಬರುತ್ತದೆ, ಒಳಗೆ ಏನೂ ಇರುವುದಿಲ್ಲ. ಅದನ್ನೆಲ್ಲ ದೊಡ್ಡ ಪರದೆಯ ಮೇಲೆ ಮೂಡಿಸುವುದು ಶಿಯುಮಾನ್‌ಳ ಕೆಲಸ. ಒಬ್ಬೊಬ್ಬನ ಟ್ಯಾಬ್ಲೆಟ್ಟಿಗೂ ಒಂದೊಂದು ಥರದ ತೂತು, ಆ ತೂತಿಗೆ ಬೇಕಾದ ತಂತಿ ಮಾತ್ರ ಯಾವಾಗಲೂ ಮನೆಯಲ್ಲಿ. "ಬಳಸುವವರ ಕಷ್ಟವನ್ನು ಅರ್ಥಮಾಡಿಕೊಳ್ಳಿ" ಎಂದು ವೇದಿಕೆಯ ಮೇಲೆ ದಿನವಿಡೀ ಭಾಷಣ. ಮೆಟ್ಟಿಲು ಹತ್ತಿ ಇಳಿದು ಬೆವರುತ್ತಿರುವವಳ ಕಷ್ಟ ಅರ್ಥಮಾಡಿಕೊಳ್ಳುವ ಪಾಠ ಮಾತ್ರ ಅವರ ಪುಸ್ತಕದಲ್ಲಿ ಇದ್ದಂತಿಲ್ಲ.

ಈ ಸಲದ ಕಥೆ ಶುರುವಾದದ್ದು ಲೋ ಪಿನ್‌ರೂಯ್‌ನಿಂದ. ಕೊನೆಯ ವರ್ಷದ ವಿದ್ಯಾರ್ಥಿ, ಮಾತಿನ ಮಲ್ಲ. ಸಂಕಿರಣಕ್ಕೆ ಇನ್ನೂ ಬಹಳ ದಿನ ಇರುವಾಗಲೇ ಹಾಲು ಹಾಕಿದ ತಣ್ಣನೆಯ ಚಹಾ ಹಿಡಿದುಕೊಂಡು ಗಾಜಿನ ಕೋಣೆಗೆ ಬಂದಿದ್ದ.

"ಅಕ್ಕಾ, ನಮ್ದು ಆಸ್ಪತ್ರೆ ಯಂತ್ರದ್ದು ಪ್ರಾಜೆಕ್ಟು. ಹೆಸರು ನೋಂದಾಯಿಸೋ ಯಂತ್ರ ಇದ್ಯಲ್ಲ, ಅದನ್ನ ವಯಸ್ಸಾದೋರು ಹೇಗೆ ಬಳಸ್ತಾರೆ ಅಂತ ವಿಡಿಯೋ ತೆಗೀಬೇಕು. ನಿಮಗೆ ಯಾರಾದ್ರೂ ವಯಸ್ಸಾದೋರು ಗೊತ್ತಾ?"

"ನಾನೇ ಇದೀನಲ್ಲ ಕಣ್ಣೆದುರಿಗೆ."

"ಅಯ್ಯೋ ಅಕ್ಕಾ, ನೀವಿನ್ನೂ ಹುಡುಗಿ!"

"ಬೆಣ್ಣೆ ಹಚ್ಬೇಡ. ಚಹಾ ಅಲ್ಲಿಡು, ಯಂತ್ರದ ಹತ್ರ ಇಡಬೇಡ."

ಅಮ್ಮನನ್ನು ಒಪ್ಪಿಸಿದವಳು ಅವಳೇ. ಒಂದೇ ಷರತ್ತು ಹಾಕಿದಳು: ಅಮ್ಮನ ಮುಖ ಕಾಣಬಾರದು. ಮಾರುಕಟ್ಟೆಯವರ ಬಾಯಿಗೆ ಅಮ್ಮ ಆಹಾರವಾಗಬಾರದು ಎಂಬ ಚಿಂತೆ ಅವಳಿಗೆ. ಪಿನ್‌ರೂಯ್ ಎದೆ ಮುಟ್ಟಿಕೊಂಡು ಮಾತು ಕೊಟ್ಟ. ಷರತ್ತಿನ ವಿಷಯ ಅಮ್ಮನಿಗೆ ಗೊತ್ತಿರಲಿಲ್ಲ. ವಿಡಿಯೋ ತೆಗೆಯುವ ದಿನ ಬೆಳಿಗ್ಗೆಯೇ ಪಾರ್ಲರಿಗೆ ಹೋಗಿ ಕೂದಲು ಗುಂಗುರು ಮಾಡಿಸಿ, ಹಬ್ಬಕ್ಕೆಂದು ಎತ್ತಿಟ್ಟಿದ್ದ ನೇರಳೆ ಹೂವಿನ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿದ್ದಳು.

ಸಂಕಿರಣದ ದಿನ ಅದೇ ಅಂಗಿ ಹಾಕಿಕೊಂಡು ಆಗಿಮ್ ಕಾಲೇಜಿಗೂ ಬಂದಳು. ಮಕ್ಕಳು ಅವಳಿಗೆ ಅನಾನಸ್ ಬಿಸ್ಕತ್ತಿನ ಡಬ್ಬ ಕೊಟ್ಟು ಸನ್ಮಾನ ಮಾಡುತ್ತಾರಂತೆ. ಮಧ್ಯಾಹ್ನದ ಕಾರ್ಯಕ್ರಮಕ್ಕೆ ಬೆಳಗಿನ ಬಸ್ಸಿನಲ್ಲೇ ಬಂದು ಇಳಿದಿದ್ದಳು. ಶಿಯುಮಾನ್ ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, "ಇಲ್ಲೇ ಕೂತಿರು, ಏನೂ ಮುಟ್ಟಬೇಡ" ಎಂದು ಹೇಳಿ ಕೆಳಗೆ ಓಡಿದಳು. ಕಾಗದದ ಮಾದರಿಯವರಿಗೆ ಮೇಲಿಂದ ನೋಡುವ ಕ್ಯಾಮೆರಾ ಬೇಕಿತ್ತು, ಇನ್ನೊಂದು ತಂಡದ ಟ್ಯಾಬ್ಲೆಟ್ಟು ವೈಫೈ ಹಿಡಿಯುತ್ತಿರಲಿಲ್ಲ, ರಾಜಧಾನಿ ತೈಪೆಯಿಂದ ಬಂದ ತೀರ್ಪುಗಾರರ ಮೈಕಿಗೆ ಬ್ಯಾಟರಿ ಇರಲಿಲ್ಲ. ಅವಳು ಮರಳಿ ಮೇಲೆ ಬರುವ ಹೊತ್ತಿಗೆ ಅಮ್ಮನನ್ನು ಯಾರೋ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪರದೆ ನಡೆಸುವ ಯಂತ್ರದ ತಲೆಯ ಮೇಲಿದ್ದ ಹಸಿರು ಪ್ಯಾಕೆಟ್ ಖಾಲಿಯಾಗಿತ್ತು. ಅದರ ಕವರನ್ನು ಯಾರೋ ನಾಲ್ಕು ಮಡಿಕೆ ಮಾಡಿ, ಚಹಾದ ಲೋಟದ ಕೆಳಗೆ ನೀಟಾಗಿ ಇಟ್ಟಿದ್ದರು.

ಆ ಪ್ಯಾಕೆಟ್ಟಿನ ಮರ್ಯಾದೆ ಎಂಥದು ಎಂದು ಮಾರುಕಟ್ಟೆಯ ಆಗಿಮ್‌ಗೆ ಹೇಗೆ ಗೊತ್ತಾಗಬೇಕು? ತೆಂಗಿನ ಹಾಲಿನ ರುಚಿಯ ಜೋಳದ ಪುರಿ ಅದು, ಅದರ ಹೆಸರಿನ ಅರ್ಥವೇ ‘ಜಾಣನಾಗಿರು’ ಎಂದು. ಈ ನಾಡಿನಲ್ಲಿ ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ರೈಲು ನಿಲ್ದಾಣವಿರಲಿ, ಯಂತ್ರ ಇರುವ ಕಡೆಯೆಲ್ಲ ಅದರ ತಲೆಯ ಮೇಲೆ ಇದೊಂದು ಇರಲೇಬೇಕು, ಯಂತ್ರ ಹಟ ಮಾಡದೆ ಜಾಣನಾಗಿರಲಿ ಎಂದು. ಹಸಿರು ಬಣ್ಣದ್ದೇ ಆಗಬೇಕು, ಹಳದಿಯದು ಇಟ್ಟರೆ ಯಂತ್ರ ಮುನಿಸಿಕೊಳ್ಳುತ್ತದೆ. ತಾರೀಖು ಮೀರಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಯಾರೂ ಅದನ್ನು ತಿನ್ನಬಾರದು. ಇದನ್ನೆಲ್ಲ ನಂಬುತ್ತೀರಾ ಎಂದು ಕೇಳಿದರೆ ಇಂಜಿನಿಯರುಗಳು ನಗುತ್ತಾರೆ. ಇಡದೆ ಇರುವ ಧೈರ್ಯ ಮಾತ್ರ ಒಬ್ಬರಿಗೂ ಇಲ್ಲ. ಶಿಯುಮಾನ್ ಕೂಡ ಮೇಜಿನ ಡ್ರಾಯರು ಎಳೆದು ಇನ್ನೊಂದು ಇದೆಯೇ ಎಂದು ಹುಡುಕಿದಳು, ಇರಲಿಲ್ಲ. ಹೊಸದು ತರಲು ಪುರುಸೊತ್ತಿರಲಿಲ್ಲ. ಅಷ್ಟರಲ್ಲಿ ಪಿನ್‌ರೂಯ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಅಕ್ಕಾ, ನಮ್ ವಿಡಿಯೋ. ಈಗಷ್ಟೇ ಮುಗೀತು."

"ಹಿಂದಿನ ದಿನವೇ ಕೊಡ್ಬೇಕು ಅಂತ ಎಷ್ಟು ಸಲ ಬಡ್ಕೊಂಡಿದೀನಿ? ನಾನು ಒಂದು ಸಲ ನೋಡದೇ ಹೇಗೋ ಹಾಕ್ಲಿ?"

"ನೋಡೋದೇನಿದೆ ಅಕ್ಕಾ, ಸೂಪರಾಗಿದೆ. ನಾವೇ ಮುಂದಿನವರು, ಪ್ಲೀಸ್!" ಪೆನ್‌ಡ್ರೈವ್ ಮೇಜಿನ ಮೇಲೆ ಬಿಸಾಕಿ ಬಂದಷ್ಟೇ ವೇಗವಾಗಿ ಇಳಿದುಹೋದ.

ದೀಪ ಆರಿತು. ಪರದೆಯ ಮೇಲೆ ಆಸ್ಪತ್ರೆಯ ಹಜಾರ, ನೋಂದಣಿ ಯಂತ್ರ, ಅದರ ಮುಂದೆ ನೇರಳೆ ಹೂವಿನ ಅಂಗಿ. ಅಂಗಿಯ ಮೇಲೆ ಅಮ್ಮನ ಮುಖ ಇರಲಿಲ್ಲ. ಅಲ್ಲಿ ಕಣ್ಣು ಪಿಳಿಪಿಳಿ ಬಿಡುವ ಒಂದು ಕಾರ್ಟೂನ್ ಆಮೆಯ ತಲೆ ಇತ್ತು.

ಆಮೆ ನಿಧಾನವಾಗಿ ಬೆರಳೆತ್ತಿತು. ಟಿವಿಯ ತಮಾಷೆ ಕಾರ್ಯಕ್ರಮಗಳಲ್ಲಿ ಹಾಕುವ ಹಾಗೆ ಕಾಗೆಯೊಂದು ಕಾ ಕಾ ಎನ್ನುತ್ತ ಪರದೆಯ ಈ ಕಡೆಯಿಂದ ಆ ಕಡೆಗೆ ಹಾರಿತು. ಕೆಳಗೆ ದಪ್ಪ ಹಳದಿ ಅಕ್ಷರ: "ಅಜ್ಜಿ ಲೋಡ್ ಆಗ್ತಿದ್ದಾರೆ…" ಸಭಾಂಗಣ ಗೊಳ್ಳೆಂದಿತು.

"ಸ್ವಲ್ಪ ತಡಿಯಮ್ಮ, ಕನ್ನಡಕ ಹಾಕ್ಕೊಳ್ತೀನಿ" ಎಂದಿತು ಆಮೆ, ಯಂತ್ರಕ್ಕೆ. ಅದು ಅಮ್ಮನದೇ ದನಿ. ಅಂಗಡಿಗೆ ಬಂದ ಗಿರಾಕಿಯನ್ನು ಕೂರಿಸುವ ದನಿ. ಕನ್ನಡಕ ಹುಡುಕುವಷ್ಟರಲ್ಲಿ ಯಂತ್ರ ಉಲಿಯಿತು: "ಸಮಯ ಮುಗಿದಿದೆ. ದಯವಿಟ್ಟು ಮೊದಲಿನಿಂದ ಆರಂಭಿಸಿ." ಆಮೆಯ ಹಣೆಯ ಮೇಲೆ ನೀಲಿ ಬೆವರಿನ ಹನಿ ಟುಳುಕ್ಕೆಂದು ಮೂಡಿತು. "ಬೇಜಾರ್ ಮಾಡ್ಕೋಬೇಡಮ್ಮ, ನಂದೇ ತಪ್ಪು" ಎಂದಳು ಅಮ್ಮ. ಮತ್ತೆ ಕಾಗೆ. ಹುಡುಗರು ಬೆಂಚು ಬಡಿದು ನಕ್ಕರು. ತೈಪೆಯ ತೀರ್ಪುಗಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಗಾಜಿನ ಹಿಂದಿನಿಂದ ಶಿಯುಮಾನ್‌ಗೆ ಮುಂದಿನ ಸಾಲಿನಲ್ಲಿ ಅಮ್ಮನ ಗುಂಗುರು ಕೂದಲಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಸುತ್ತಲ ತಲೆಗಳೆಲ್ಲ ಕುಲುಕುತ್ತಿದ್ದವು, ಅದೊಂದು ಅಲ್ಲಾಡುತ್ತಿರಲಿಲ್ಲ. ಶಿಯುಮಾನ್‌ಳ ಕಿವಿಯವರೆಗೂ ರಕ್ತ ನುಗ್ಗಿತು. ಈ ಕೈ ಅನ್ನ ಬಡಿಸಿದೆ, ಈ ಕೈ ನನ್ನನ್ನು ಸಾಕಿದೆ, ಅದನ್ನು ಆಮೆ ಮಾಡಿ ಕುಣಿಸುತ್ತೀರೇನೋ ಬೇವರ್ಸಿಗಳಾ! ಯೋಚಿಸಲು ಹೋಗಲಿಲ್ಲ. ಕೈ ತಾನೇ ಹೋಗಿ ಗುಂಡಿ ಒತ್ತಿತು. ಪರದೆ ಕಪ್ಪಾಯಿತು, ಕಾಗೆಯ ದನಿ ಅರ್ಧಕ್ಕೇ ಸತ್ತಿತು.

ತಲೆಗಳೆಲ್ಲ ಎಂದಿನಂತೆ ಹಿಂದಕ್ಕೆ ತಿರುಗಿದವು.

"ಶಿಯುಮಾನ್! ಏನಾಯ್ತು?" ವೇದಿಕೆಯಿಂದ ಯಾನ್ ಮೇಷ್ಟ್ರು ಮೈಕಿನಲ್ಲಿ ಕೂಗಿದರು. ವಿಭಾಗದ ಮುಖ್ಯಸ್ಥರು ಅವರು. ಶಿಯುಮಾನ್‌ಳ ಕೆಲಸ ವರ್ಷ ವರ್ಷವೂ ಮುಂದುವರಿಯಬೇಕಾದದ್ದು ಅವರ ರುಜುವಿನಿಂದ. ಅವಳು ಉತ್ತರ ಕೊಡುವ ಮೊದಲೇ ಪಿನ್‌ರೂಯ್ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದಿದ್ದ. ಅವನು ತಂತಿ ನೋಡಲಿಲ್ಲ, ಗುಂಡಿ ನೋಡಲಿಲ್ಲ. ಯಾರೇ ಆಗಿದ್ದರೂ ಅಲ್ಲಿ ಮೊದಲು ನೋಡುವುದನ್ನು ನೋಡಿದ. ಯಂತ್ರದ ತಲೆ ಬೋಳಾಗಿತ್ತು.

"ಸಾರ್! ಪ್ಯಾಕೆಟ್ ಇಲ್ಲ! ಯಾರೋ ತಿಂದ್ಬಿಟ್ಟಿದಾರೆ!" ಮಡಚಿಟ್ಟ ಹಸಿರು ಕವರನ್ನು ಗಾಜಿಗೆ ಒತ್ತಿ ಎಲ್ಲರಿಗೂ ತೋರಿಸಿದ.

"ಓಹೋ, ಅದಕ್ಕೇ ಮತ್ತೆ!" ಇಡೀ ಸಭೆಗೆ ಸಮಾಧಾನವಾಯಿತು. ಕಾರಣ ಸಿಕ್ಕಿತಲ್ಲ. ಶಿಯುಮಾನ್ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅವಳ ಮೇಲೆ ಒಂದು ಮಾತೂ ಬರುತ್ತಿರಲಿಲ್ಲ. ಬಾಯಿ ಮುಚ್ಚಿಕೊಳ್ಳಬೇಕು ಎಂದೇ ಅವಳೂ ಅಂದುಕೊಂಡಳು.

ಆಗ ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

"ನಾನಪ್ಪ ತಿಂದಿದ್ದು. ಸಕ್ಕರೆ ಇಳಿದು ಕೈ ನಡುಕ ಬಂತು. ಅಲ್ಲಿ ಅದೊಂದೇ ತಿನ್ನೋ ವಸ್ತು ಇದ್ದಿದ್ದು. ಮಗಳ ಕೈಲಿ ಇನ್ನೊಂದು ತರಿಸಿ ಇಡ್ತೀನಿ."

ಯಾನ್ ಮೇಷ್ಟ್ರಿಗೆ ತೀರ್ಪುಗಾರರನ್ನು ನಗಿಸುವ ಇಂಥ ಅವಕಾಶ ಇನ್ನೊಂದು ಸಿಗುತ್ತದೆಯೇ? ಮೈಕು ಬಾಯಿಗೆ ಹಿಡಿದರು. "ಏನಜ್ಜಿ ನೀವು! ಆಸ್ಪತ್ರೆ ಯಂತ್ರ ಸಾಲದು ಅಂತ ನಮ್ಮ ಯಂತ್ರಾನೂ ಕೆಡಿಸಿಬಿಟ್ರಾ?"

ಮೊದಲಿನದಕ್ಕಿಂತ ಜೋರು ನಗು ಎದ್ದಿತು. ಅಮ್ಮ ಎತ್ತಿದ ಕೈಯನ್ನು ಮೆಲ್ಲನೆ ಇಳಿಸಿ ಮಡಿಲಲ್ಲಿ ಇಟ್ಟುಕೊಂಡಳು.

ಶಿಯುಮಾನ್ ಗಾಜಿನ ಕೋಣೆಯ ಮೈಕನ್ನು ಎಳೆದುಕೊಂಡಳು. ಆ ಮೈಕಿನಲ್ಲಿ ಅವಳು ಇಷ್ಟು ವರ್ಷ "ಹಲೋ ಹಲೋ" ಎಂದು ಪರೀಕ್ಷೆ ಮಾಡಿದ್ದು ಬಿಟ್ಟರೆ ಬೇರೆ ಮಾತಾಡಿದವಳೇ ಅಲ್ಲ.

"ಯಂತ್ರ ಕೆಟ್ಟಿಲ್ಲ. ನಾನು ನಿಲ್ಲಿಸಿದ್ದು."

ನಗು ಅಲ್ಲಲ್ಲೇ ತುಂಡಾಯಿತು.

"ಕೇಳಿಸ್ತಾ? ನನ್ನ ಕೈಯಾರೆ ನಾನೇ ಆಫ್ ಮಾಡಿದ್ದು. ಅವಳು ನನ್ನ ಅಮ್ಮ. ಪುರಿ ತಿಂದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮುಖ ಕಾಣಿಸ್ಬೇಡಿ ಅಂದ್ರೆ ಆಮೆ ಅಂಟಿಸ್ತೀರಾ? ಕಾಗೆ ಹಾರಿಸ್ತೀರಾ? ನಿಮ್ಮಜ್ಜಿ ಮುಖಕ್ಕೆ ಅಂಟಿಸಿ ನೋಡ್ರೋ! ಇನ್ನೊಂದು ಸಲ ಹಾಕಿದ್ರೂ ನಿಲ್ಲಿಸ್ತೀನಿ."

"ಶಿಯುಮಾನ್, ಇದೇನು ಅತಿಥಿಗಳ ಮುಂದೆ! ಸೋಮವಾರ ನನ್ನ ಕೋಣೆಗೆ ಬಾ."

"ಇಲ್ಲೇ ಹೇಳಿ ಸಾರ್. ಮೈಕ್ ಆನ್ ಇದೆ."

ಯಾನ್ ಮೇಷ್ಟ್ರು ಮೈಕು ಕೆಳಗಿಟ್ಟರು. ಎದ್ದು ನಿಂತವಳು ಆಗಿಮ್. ಮಂಡಿಯ ಮೇಲೆ ಕೈ ಊರಿ ಎದ್ದು, ಮೊದಲು ತಿರುಗಿದ್ದು ಮಗಳ ಕಡೆಗೆ.

"ಏಯ್, ನಿಲ್ಲಿಸು ಅಂತ ನಿನಗ್ಯಾರು ಹೇಳಿದ್ರು? ನಾನು ಬಸ್ಸು ಹತ್ತಿ ಬಂದಿರೋದು ನನ್ನನ್ನ ನಾನು ನೋಡೋಕೆ." ಆಮೇಲೆ ಮೆಟ್ಟಿಲ ಮೇಲೆ ಮುಖ ಸಪ್ಪಗೆ ಮಾಡಿ ನಿಂತಿದ್ದ ಪಿನ್‌ರೂಯ್ ಕಡೆಗೆ. "ನನ್ನ ಮುಖ ಎಲ್ಲಿಟ್ಟಿದೀಯಪ್ಪ? ಅವತ್ತು ಪಾರ್ಲರಿಗೆ ಹೋಗಿದ್ದೆ ನಾನು."

"ಅಜ್ಜಿ, ಅದು… ನಿಮ್ಮ ಗುರುತು ಸಿಗಬಾರ್ದು ಅಂತ. ಅಕ್ಕನೇ ಹೇಳಿದ್ರು."

"ನಾನೇನು ಕಳ್ಳಿಯಾ, ಮುಖ ಮುಚ್ಚೋಕೆ?"

ಈ ಮಾತು ಪಿನ್‌ರೂಯ್‌ಗೆ ತಗುಲಿತೋ ಇಲ್ಲವೋ, ಗಾಜಿನ ಹಿಂದೆ ಇದ್ದವಳಿಗೆ ಸರಿಯಾಗಿ ತಗುಲಿತು. ಅಮ್ಮನನ್ನು ಮಾರುಕಟ್ಟೆಯವರಿಂದ ಕಾಪಾಡುತ್ತೇನೆಂದು ಹೊರಟು, ಕೇಳದೆ ಅವಳ ಮುಖ ಒರೆಸಿ ಹಾಕಿದವಳು ತಾನೇ. ಅವಳ ಕೋಪ ಒಂದು ಕ್ಷಣ ತನ್ನ ಮೇಲೇ ತಿರುಗಿ, ಮತ್ತೆ ಸಭೆಯ ಮೇಲೆ ಹೋಗಿ ನಿಂತಿತು.

"ಆ ಪ್ರಾಣಿ ತೆಗೆದು ಹಾಕು. ಕಾಗೆ ಗೀಗೆ ಏನೂ ಬೇಡ. ಇದ್ದದ್ದು ಇದ್ದ ಹಾಗೆ ಹಾಕು" ಎಂದಳು ಆಗಿಮ್. ಹಾಗೆಂದವಳು ಕುರ್ಚಿಗೆ ಮರಳಲಿಲ್ಲ. ಕೈಚೀಲ ಹಿಡಿದುಕೊಂಡು ಹೋಗಿ ಪರದೆಯ ಪಕ್ಕದಲ್ಲಿ, ಸಭೆಗೆ ಮುಖ ಮಾಡಿ ನಿಂತಳು.

ಏನನ್ನೂ ಸೇರಿಸದ ಮೂಲ ವಿಡಿಯೋ ಪಿನ್‌ರೂಯ್‌ನ ಫೋನಿನಲ್ಲಿತ್ತು. ಶಿಯುಮಾನ್ ಅದಕ್ಕೆ ತಂತಿ ಸಿಕ್ಕಿಸಿದಳು. ಪರದೆಯ ಮೇಲೆ ಅಮ್ಮ ಬಂದಳು, ಗುಂಗುರು ಕೂದಲು, ಹುಬ್ಬು ತೀಡಿದ ಮುಖ. ಕಾಗೆ ಇರಲಿಲ್ಲ, ಅಕ್ಷರ ಇರಲಿಲ್ಲ. ಬರೀ ಆಸ್ಪತ್ರೆಯ ಗದ್ದಲ. ಸ್ವಲ್ಪ ತಡಿಯಮ್ಮ. ಸಮಯ ಮುಗಿದಿದೆ. ಬೇಜಾರ್ ಮಾಡ್ಕೋಬೇಡಮ್ಮ. ಸಮಯ ಮುಗಿದಿದೆ. ಕೊನೆಗೆ ಅವಳು ಯಂತ್ರ ಬಿಟ್ಟು, ಮೊದಲು ಜನ ಕೂತು ಹೆಸರು ಬರೆದುಕೊಳ್ಳುತ್ತಿದ್ದ, ಈಗ ಬಾಗಿಲೆಳೆದ ಹಳೆಯ ಕೌಂಟರಿನತ್ತ ತಿರುಗಿ, "ಯಾರಾದ್ರೂ ಇದೀರಾ?" ಎಂದು ಕೇಳುತ್ತಾಳೆ. ಯಾರೂ ಇಲ್ಲ. ವಿಡಿಯೋ ಮುಗಿಯಿತು.

"ಈಗ್ಯಾಕೆ ಒಬ್ರೂ ನಗ್ತಿಲ್ಲ?" ಎಂದು ಕೇಳಿದಳು ಆಗಿಮ್. "ಆವಾಗಲೂ ನಾನೇ, ಈಗಲೂ ನಾನೇ."

ಇಲ್ಲಿಗೆ ಎಲ್ಲರಿಗೂ ನಾಚಿಕೆಯಾಗಿ ಕಥೆ ಮುಗಿಯಿತು ಎಂದು ಬರೆಯಲು ನನಗೂ ಆಸೆ. ಆದದ್ದು ಬೇರೆ. ತೈಪೆಯ ತೀರ್ಪುಗಾರರು ಎದ್ದು, ಬಳಕೆದಾರರನ್ನೇ ವೇದಿಕೆಗೆ ತಂದ ಈ ಪ್ರಯೋಗ ಬಹಳ ಹೃದಯಸ್ಪರ್ಶಿಯಾಗಿತ್ತು ಎಂದು ಹೊಗಳಿದರು. ಪಿನ್‌ರೂಯ್‌ನ ತಂಡಕ್ಕೆ ಎರಡನೆಯ ಬಹುಮಾನ ಬಂತು. ಅಮ್ಮನಿಗೆ ಅನಾನಸ್ ಬಿಸ್ಕತ್ತಿನ ಡಬ್ಬ ಕೊಟ್ಟು, ಅವಳ ಸುತ್ತ ನಿಂತು, ಎರಡೆರಡು ಬೆರಳೆತ್ತಿ ಫೋಟೋ ತೆಗೆಸಿಕೊಂಡರು. ಯಾನ್ ಮೇಷ್ಟ್ರೂ ಬೆರಳೆತ್ತಿದರು. ಶಿಯುಮಾನ್ ದೀಪ ಆರಿಸಿ, ತಂತಿಗಳನ್ನು ಸುತ್ತಿ, ಯಾರೊಂದಿಗೂ ಮಾತಾಡದೆ ಅಮ್ಮನನ್ನು ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು. ಸೋಮವಾರ ಯಾನ್ ಮೇಷ್ಟ್ರು ಕ್ಷಮಾಪಣೆ ಕೇಳು ಎಂದರು. ಅವಳು ಕೇಳಲಿಲ್ಲ. ಮುಂದಿನ ವರ್ಷದ ರುಜುವಿನ ವಿಷಯ ಅಲ್ಲಿಗೇ ನಿಂತಿದೆ.

ಅದೇ ವಾರ ಅಮ್ಮನ ಸಕ್ಕರೆಯ ತಪಾಸಣೆ ಇತ್ತು. ಅದೇ ಆಸ್ಪತ್ರೆ, ಅದೇ ಹಜಾರ, ಬಾಗಿಲೆಳೆದ ಅದೇ ಕೌಂಟರು. ಶಿಯುಮಾನ್ ತಾನೇ ಒತ್ತಲು ಹೋದರೆ ಅಮ್ಮ ಅವಳ ಕೈ ತಳ್ಳಿದಳು.

"ಬಿಡು, ನಾನೇ ಮಾಡ್ತೀನಿ. ಅವತ್ತು ಇಡೀ ಕಾಲೇಜೇ ನೋಡಿದೆ, ಇನ್ನೇನು ನಾಚಿಕೆ."

ಕಾರ್ಡು ತೂರಿಸಿದಳು. ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಕೈಚೀಲಕ್ಕೆ ಕೈ ಹಾಕಿ, "ಸ್ವಲ್ಪ ತಡಿಯಮ್ಮ" ಎಂದಳು. ಯಂತ್ರ ತಡೆಯಲಿಲ್ಲ. ಸಮಯ ಮುಗಿದಿದೆ, ದಯವಿಟ್ಟು ಮೊದಲಿನಿಂದ ಆರಂಭಿಸಿ. ಹಿಂದೆ ಸಾಲು ಬೆಳೆಯಿತು, ಯಾರೋ ನಾಲಗೆ ಲೊಚಗುಟ್ಟಿದರು. ಅಮ್ಮ ಮತ್ತೆ ಕಾರ್ಡು ತೂರಿಸಿದಳು. ಮತ್ತೆ ಮೊದಲಿನಿಂದ. "ಬೇಜಾರ್ ಮಾಡ್ಕೋಬೇಡಮ್ಮ" ಎಂದು ಅಮ್ಮ ಆ ತಗಡಿನ ಡಬ್ಬಕ್ಕೆ ಹೇಳುತ್ತಿರುವಾಗ ಶಿಯುಮಾನ್‌ಳ ಕಣ್ಣು ಅದರ ತಲೆಯ ಮೇಲೆ ಹೋಯಿತು. ಅಲ್ಲೊಂದು ಹಸಿರು ಪ್ಯಾಕೆಟ್ ಬೆಚ್ಚಗೆ ಕೂತಿತ್ತು.

ಅವಳು ಅದನ್ನು ಎತ್ತಿಕೊಂಡು ಟರ್ರನೆ ಹರಿದಳು. ಹಿಂದಿನ ಸಾಲು ಒಟ್ಟಿಗೆ ಉಸಿರೆಳೆದುಕೊಂಡಿತು.

"ತಗೋ, ತಿನ್ನು."

"ಥೂ, ಬೇಡ ಕಣೇ, ಎಲ್ಲಾರೂ ನೋಡ್ತಿದಾರೆ."

"ನೋಡ್ಲಿ. ನೋಡ್ಲಿ ಅಂತಾನೇ." ಒಂದು ಹಿಡಿ ತಾನೂ ಬಾಯಿಗೆ ಹಾಕಿಕೊಂಡು ಸಾಲಿನ ಕಡೆ ತಿರುಗಿ ಕಟಕಟ ಅಗಿದಳು.

ಮುಚ್ಚಿದ್ದ ಕೌಂಟರಿನ ಪಕ್ಕದ ಬಾಗಿಲು ದಡಾರನೆ ತೆರೆಯಿತು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬಳು ಹುಡುಗಿ ಚಪ್ಪಲಿ ಜಾರುವಂತೆ ಓಡಿ ಬಂದಳು. "ಅಯ್ಯಯ್ಯೋ, ಏನ್ಮಾಡ್ತಿದೀರಾ? ಅದನ್ನ ತಿನ್ನಬಾರ್ದು! ಯಂತ್ರ ನಿಂತುಹೋಗತ್ತೆ!"

ಆಗಿಮ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮುಖ ಅರಳಿತು.

"ಬಂದ್ಯಾ ತಾಯಿ. ಒಳಗೇ ಇದ್ಯಾ ಇಷ್ಟು ಹೊತ್ತು?" ಎಂದು ಕೈಯ ಪುರಿಯ ಪುಡಿ ಒರೆಸಿಕೊಂಡು ಕಾರ್ಡನ್ನು ಅವಳ ಕೈಗಿಟ್ಟಳು. "ತಗೋ, ನನ್ನ ಹೆಸರು ಬರ್ಕೋ."